ಕೊಟ್ಟಿಗೆಯಿಂದ ತರಕಾರಿ ಮಡಿಯವರೆಗೆ



ಹಿತ್ತಲಲ್ಲಿ ನಾಲ್ಕು ಬದನೆ, ಎರಡು ಸಾಲು ಬೆಂಡೆ, ಒಂದು ಹೀರೆ ಚಪ್ಪರ ಮಾಡಿಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಗೊಬ್ಬರ ಎಷ್ಟು ಹಾಕಬೇಕು? ಅದಕ್ಕೆ ಲೆಕ್ಕ ಇದೆ, ಮುಂದೆ ಹೇಳುತ್ತೇನೆ. ಆದರೆ ಅವರನ್ನು ನಾನು ಮೊದಲು ಕೇಳುವುದು ಬೇರೆ. ಆ ಗೊಬ್ಬರವನ್ನು ಇಷ್ಟು ದಿನ ಎಲ್ಲಿಟ್ಟಿದ್ದಿರಿ? ಬಿಸಿಲಲ್ಲೋ, ನೆರಳಲ್ಲೋ? ಮಳೆಗಾಲದಲ್ಲಿ ಅದರ ಮೇಲೆ ನೀರು ಸುರಿಯಿತೋ? ಕೊಟ್ಟಿಗೆಯ ಗಂಜಲ ಎಲ್ಲಿಗೆ ಹರಿಯಿತು? ಹೀಗೆ ಕೇಳಲು ಕಾರಣವಿದೆ. ನಮ್ಮ ಗೊಬ್ಬರದ ಸತ್ವದಲ್ಲಿ ದೊಡ್ಡ ಪಾಲು ಗಿಡದ ಬುಡಕ್ಕೆ ಬರುವ ಮೊದಲೇ, ಕೊಟ್ಟಿಗೆಗೂ ತಿಪ್ಪೆಗೂ ನಡುವೆ, ತಿಪ್ಪೆಗೂ ಮಡಿಗೂ ನಡುವೆ ಕಳೆದುಹೋಗುತ್ತದೆ. ಯುಗಾದಿ ಹತ್ತಿರ ಬಂದಾಗ ಊರೂರಲ್ಲಿ ತಿಪ್ಪೆ ತೆಗೆಯುತ್ತಾರೆ. ಆ ನಷ್ಟದ ವಿಚಾರವನ್ನೇ ಇವತ್ತು ಮುಖ್ಯವಾಗಿ ಮಾತಾಡೋಣ.

ಮೊದಲು ಗಂಜಲ. ಗೊಬ್ಬರ ಎಂದರೆ ಸಗಣಿ ಎಂದೇ ನಮ್ಮ ಮನಸ್ಸಿನಲ್ಲಿದೆ. ಆದರೆ ಹಸು ತಿಂದ ಮೇವಿನಿಂದ ಹೊರಬರುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟು ಗಂಜಲದಲ್ಲಿರುತ್ತದೆ. ಪೊಟ್ಯಾಷ್‌ನ ಹೆಚ್ಚಿನ ಪಾಲೂ ಗಂಜಲದಲ್ಲೇ. ರಂಜಕ ಮಾತ್ರ ಬಹುತೇಕ ಸಗಣಿಯಲ್ಲಿ ಉಳಿಯುತ್ತದೆ. ಕೊಟ್ಟಿಗೆಗೆ ಸಿಮೆಂಟ್ ನೆಲ ಹಾಕಿ, ಗಂಜಲವನ್ನು ಚರಂಡಿಗೆ ಬಿಟ್ಟು, ಸಗಣಿಯನ್ನಷ್ಟೇ ಬಾಚಿ ತಿಪ್ಪೆಗೆ ಎಸೆಯುವ ಮನೆಯವರು ಅರ್ಧ ಗೊಬ್ಬರವನ್ನು ದಿನಾ ಬೆಳಿಗ್ಗೆ ನೀರು ಹಾಕಿ ತೊಳೆದುಬಿಡುತ್ತಿದ್ದಾರೆ. ಮುಚ್ಚಿದ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಅಡರುವ ಘಾಟು ನಿಮಗೆ ಗೊತ್ತು. ಅದು ಅಮೋನಿಯಾ. ಗಂಜಲದಲ್ಲಿರುವ ಯೂರಿಯಾ ಒಂದೆರಡು ದಿನದೊಳಗೆ ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ. ಆ ವಾಸನೆ ಬಂತೆಂದರೆ ಸಾರಜನಕ ಹೊರಟಿತು ಎಂದೇ ಲೆಕ್ಕ.

ಇದಕ್ಕೆ ಮಲೆನಾಡಿನವರು ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ತಂದು ಕೊಟ್ಟಿಗೆಯಲ್ಲಿ ಹಾಸುತ್ತಾರೆ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ ಬೇಕಾದದ್ದು ಈ ಕೆಲಸಕ್ಕೇ. ದನ ಅದರ ಮೇಲೆ ಮಲಗುತ್ತದೆ, ತುಳಿಯುತ್ತದೆ. ಸೊಪ್ಪು ಗಂಜಲವನ್ನು ಹೀರಿಕೊಳ್ಳುತ್ತದೆ. ಸಗಣಿಯೊಡನೆ ಬೆರೆತು ಗೊಬ್ಬರಗುಂಡಿಗೆ ಹೋಗುತ್ತದೆ. ಬಯಲುಸೀಮೆಯವರಿಗೆ ಅಷ್ಟು ಸೊಪ್ಪು ಸಿಗದು, ನಿಜ. ಆದರೆ ದನ ತಿಂದು ಬಿಟ್ಟ ರಾಗಿಹುಲ್ಲು, ಜೋಳದ ದಂಟಿನ ಚೂರು, ಕಡಲೆಕಾಯಿ ಸಿಪ್ಪೆ, ಏನೂ ಇಲ್ಲದಿದ್ದರೆ ಒಣ ಮಣ್ಣು, ಇವೆಲ್ಲ ಗಂಜಲ ಹೀರುತ್ತವೆ. ಸಂಜೆ ದನ ಕಟ್ಟುವಾಗ ಒಂದು ಮಂಕರಿ ಹರಡಿ, ಬೆಳಿಗ್ಗೆ ಸಗಣಿಯ ಜೊತೆಗೇ ಬಾಚಿ. ಇಷ್ಟು ಮಾಡಿದರೂ ಗೊಬ್ಬರದ ಗುಣ ಬದಲಾಗುತ್ತದೆ.

ಮಣ್ಣನ್ನು ಹೀಗೆ ಬಳಸುವುದನ್ನು ವಿಜ್ಞಾನದ ಪುಸ್ತಕಕ್ಕೆ ಏರಿಸಿದವರಲ್ಲಿ ಆಲ್ಬರ್ಟ್ ಹೋವರ್ಡ್ ಮುಖ್ಯರು. ಇಂಗ್ಲೆಂಡಿನಿಂದ 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದ ಸಸ್ಯವಿಜ್ಞಾನಿ. 1924ರಿಂದ 1931ರವರೆಗೆ ಇಂದೋರಿನ ಸಂಸ್ಥೆಯಲ್ಲಿದ್ದು, ಅಲ್ಲಿ ಯಶವಂತ ವಾಡ್ ಅವರ ಜೊತೆಗೂಡಿ ಕಸಕಡ್ಡಿ, ಸಗಣಿ, ಗಂಜಲ ಬಿದ್ದ ಮಣ್ಣು, ಬೂದಿ ಇವನ್ನು ಪದರ ಪದರವಾಗಿ ಹಾಕಿ, ಆಗಾಗ ಮಗುಚಿ, ಮೂರು ತಿಂಗಳ ಆಸುಪಾಸಿನಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಇಂದೋರ್ ಪದ್ಧತಿ ಎಂದು ಲೋಕವೆಲ್ಲ ಕರೆಯುವುದು ಅದನ್ನೇ. ಕೊಟ್ಟಿಗೆಯ ನೆಲದ ಮಣ್ಣನ್ನೇ ಆಗಾಗ ಅಗೆದು ಗುಂಡಿಗೆ ಸೇರಿಸಿ, ಆ ಜಾಗಕ್ಕೆ ಹೊಸ ಮಣ್ಣು ತುಂಬಬೇಕೆಂದು ಅವರು ಹೇಳುತ್ತಿದ್ದರು. ಈ ದೇಶದ ರೈತರನ್ನು ತಮ್ಮ ಗುರುಗಳೆಂದು ಮನಸಾರೆ ಒಪ್ಪಿಕೊಂಡ ವಿಜ್ಞಾನಿ ಅವರು. ಆ ಗೌರವ ನನಗೆ ಅವರ ಪದ್ಧತಿಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಇನ್ನು ತಿಪ್ಪೆ. ಮನೆ ಪಕ್ಕ ಬಯಲಲ್ಲಿ ಗುಡ್ಡೆ ಹಾಕಿದ ತಿಪ್ಪೆಯನ್ನು ಜೋರು ಮಳೆ ಬಂದ ದಿನ ನೋಡಿ. ಅದರ ಬುಡದಿಂದ ಚಹಾದ ಬಣ್ಣದ ನೀರು ಇಳಿದು ರಸ್ತೆಗೆ ಹರಿಯುತ್ತಿರುತ್ತದೆ. ನೀರಿನಲ್ಲಿ ಕರಗುವ ನೈಟ್ರೇಟ್, ಪೊಟ್ಯಾಷ್ ಎಲ್ಲ ಅದರಲ್ಲಿ ಹೋಗುತ್ತವೆ. ಬೇಸಿಗೆಯಲ್ಲಿ ಅದೇ ತಿಪ್ಪೆ ಒಣಗಿ ಪುಡಿಯಾಗುತ್ತದೆ, ಒಳಗಿನ ಜೀವಾಣುಗಳು ಕೆಲಸ ನಿಲ್ಲಿಸುತ್ತವೆ. ವರ್ಷದ ಕೊನೆಗೆ ಗಾಡಿಗೆ ತುಂಬುವುದು ನಾರು, ಮಣ್ಣು ಮತ್ತು ಕಳೆಬೀಜ.

ಗುಂಡಿ ಮಾಡುವುದು ಕಷ್ಟದ ಕೆಲಸವೇನಲ್ಲ. ಮಳೆನೀರು ಬಂದು ನಿಲ್ಲದ ಸ್ವಲ್ಪ ಎತ್ತರದ ಜಾಗ, ಮೇಲೆ ಮರದ ನೆರಳು ಅಥವಾ ತೆಂಗಿನ ಗರಿಯ ಚಪ್ಪರ. ಮೂರು ಅಡಿಗಿಂತ ಆಳ ಬೇಡ. ಇನ್ನೂ ಕೆಳಗೆ ಹೋದರೆ ಗಾಳಿ ಸಾಲದೆ ಕೊಳೆತು ನಾರುತ್ತದೆ. ಅಗಲ ನಿಮ್ಮ ಕೈಗೆ ಎಟುಕುವಷ್ಟು, ಉದ್ದ ನಿಮ್ಮ ದನಗಳಿಗೆ ತಕ್ಕಷ್ಟು. ಬೆಳೆದ ಒಂದು ನಾಟಿ ಹಸು ದಿನಕ್ಕೆ ಹತ್ತು ಕಿಲೋ ಆಸುಪಾಸು ಸಗಣಿ ಹಾಕುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಬರೀ ನೀರು. ಇಡೀ ಗುಂಡಿಗೆ ದಿನಾ ತೆಳ್ಳಗೆ ಹರಡಬೇಡಿ. ಒಂದು ತುದಿಯಿಂದ ಮೂರು ಅಡಿ ಉದ್ದ ಗುರುತು ಮಾಡಿಕೊಂಡು ಅಷ್ಟನ್ನೇ ತುಂಬುತ್ತ ಬನ್ನಿ. ನೆಲದಿಂದ ಒಂದೂವರೆ ಅಡಿ ಮೇಲೆದ್ದಾಗ ಆ ಭಾಗವನ್ನು ಮಣ್ಣು ಸಗಣಿ ಕಲಸಿ ಮೆತ್ತಿಬಿಡಿ. ಆಮೇಲೆ ಪಕ್ಕದ ಮೂರು ಅಡಿ. ಮೊದಲು ಮೆತ್ತಿದ್ದು ನಾಲ್ಕೈದು ತಿಂಗಳಿಗೆ ಸಿದ್ಧ. ಮೆತ್ತಿದ ಗುಂಡಿಯಿಂದ ಘಾಟು ಬಾರದು, ನೊಣ ಕೂರದು, ಮಳೆ ಒಳಗಿಳಿಯದು.

ಇಷ್ಟೆಲ್ಲ ಜೋಪಾನ ಮಾಡಿದ ಗೊಬ್ಬರದಲ್ಲಿ ಏನಿರುತ್ತದೆ? ಸಾಧಾರಣ ಕೊಟ್ಟಿಗೆ ಗೊಬ್ಬರದ ನೂರು ಕಿಲೋದಲ್ಲಿ ಸಾರಜನಕ ಅರ್ಧ ಕಿಲೋ, ರಂಜಕ ಸುಮಾರು 200 ಗ್ರಾಂ, ಪೊಟ್ಯಾಷ್ ಅರ್ಧ ಕಿಲೋ. ತರಕಾರಿಗೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ 25 ಟನ್, ಅಂದರೆ ಎಕರೆಗೆ 10 ಟನ್. ಲೆಕ್ಕ ಹಾಕಿ ನೋಡಿ. 10 ಟನ್ ಗೊಬ್ಬರದಲ್ಲಿ ಸಾರಜನಕ 50 ಕಿಲೋ. 45 ಕಿಲೋದ ಯೂರಿಯಾ ಚೀಲ ಎರಡೂವರೆ ತಂದರೆ ಅಷ್ಟೇ ಸಾರಜನಕ ಸಿಗುತ್ತದೆ. ಸಾಲದ್ದಕ್ಕೆ ಗೊಬ್ಬರದ ಸಾರಜನಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಮೂರರಲ್ಲೊಂದು ಪಾಲು ಮಾತ್ರ. ಹಾಗಾದರೆ 10 ಟನ್ ಹೊತ್ತು ಹಾಕುವುದು ಏತಕ್ಕೆ ಎಂದು ಓದಿದ ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಉತ್ತರ ಮಣ್ಣಿನಲ್ಲಿದೆ. ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿನಲ್ಲಿ ಬೀಜ ಹಾಕಿದ ಮರುದಿನ ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲೆ ಹಪ್ಪಳದ ಹಾಗೆ ಗಟ್ಟಿ ಪದರ ಕಟ್ಟುತ್ತದೆ. ಸೊಪ್ಪಿನ ಬೀಜದ ಮೊಳಕೆ ಅದನ್ನು ಒಡೆದು ಮೇಲೆ ಬರಲಾರದೆ ಒಳಗೇ ಸಾಯುತ್ತದೆ. ಬೀಜ ಸರಿಯಿಲ್ಲ ಎಂದು ಅಂಗಡಿಯವನನ್ನು ಬಯ್ಯುತ್ತೇವೆ. ಗೊಬ್ಬರ ಕಂಡ ಮಣ್ಣಿನಲ್ಲಿ ಶಿಲೀಂಧ್ರದ ಎಳೆಗಳು, ಜೀವಾಣುಗಳು ಬಿಡುವ ಅಂಟು, ಎರೆಹುಳುವಿನ ಹಿಕ್ಕೆ ಇವೆಲ್ಲ ಸೇರಿ ಮಣ್ಣಿನ ಕಣಗಳನ್ನು ಚಿಕ್ಕ ಚಿಕ್ಕ ಉಂಡೆಗಳಾಗಿ ಕಟ್ಟಿರುತ್ತವೆ. ಉಂಡೆಗಳ ನಡುವೆ ಸಂದು ಇರುವುದರಿಂದ ನೀರು ಇಳಿಯುತ್ತದೆ, ಗಾಳಿ ಆಡುತ್ತದೆ. ಉಂಡೆಯ ಒಳಗೆ ತೇವ ಉಳಿಯುತ್ತದೆ. ಧಾರವಾಡ, ಗದಗದ ಎರೆ ಮಣ್ಣಿನ ಕಷ್ಟ ಬೇರೆ. ಅದು ನೀರು ಹಿಡಿಯುತ್ತದೆ, ಆದರೆ ಬಿಡುವುದಿಲ್ಲ. ಹಸಿಯಾದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೂ ಗೊಬ್ಬರವೇ ಬೇಕು. ಕೆಂಪು ಮಣ್ಣಿನಲ್ಲಿ ಅದು ನೀರು ಉಳಿಸುತ್ತದೆ, ಎರೆ ಮಣ್ಣಿನಲ್ಲಿ ಹೆಚ್ಚಿನ ನೀರಿಗೆ ಹೋಗಲು ದಾರಿ ಮಾಡುತ್ತದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಗಿಡಕ್ಕೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರ ಕೊಳೆಯುವಾಗ ಹುಟ್ಟುವ ಆಮ್ಲಗಳು ಆ ಹಿಡಿತವನ್ನು ಸಡಿಲಿಸುತ್ತವೆ. ಈ ಕೆಲಸಗಳಲ್ಲಿ ಒಂದನ್ನೂ ಯೂರಿಯಾ ಮಾಡಲಾರದು.

ಆದರೆ ನಮ್ಮದು ಉಷ್ಣದೇಶ. ಚಳಿದೇಶದ ತೋಟದಲ್ಲಿ ಒಮ್ಮೆ ಹಾಕಿದ ಗೊಬ್ಬರ ವರ್ಷಗಟ್ಟಲೆ ಉಳಿದೀತು. ಇಲ್ಲಿ ಬಿಸಿ ಮಣ್ಣಿನಲ್ಲಿ ಜೀವಾಣುಗಳ ಹಸಿವೂ ಹೆಚ್ಚು, ಅದು ಬೇಗ ಕರಗಿಹೋಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಎಂದು ಒಂದು ಸಾಲು ಇರುತ್ತದೆ. ಅಲ್ಲಿ 0.5ಕ್ಕಿಂತ ಕಡಿಮೆ ಇದ್ದರೆ ಬಡ ಮಣ್ಣು, 0.75 ದಾಟಿದರೆ ಒಳ್ಳೆಯ ಮಣ್ಣು. ಈ ಅರ್ಧದಿಂದ ಮುಕ್ಕಾಲಿಗೆ ಹೋಗಲು ಒಂದು ವರ್ಷ ರಾಶಿ ಸುರಿದು ಮೂರು ವರ್ಷ ಸುಮ್ಮನಿದ್ದರೆ ಆಗದು. ಪ್ರತಿ ವರ್ಷವೂ ತಪ್ಪದೆ ಹಾಕುತ್ತ, ಮೇಲೆ ಒಣ ಎಲೆ ಹೊದಿಸಿ ಮಣ್ಣನ್ನು ತಂಪಾಗಿಡಬೇಕು.

ಈಗ ಮೊದಲು ಹೇಳಿದ ಲೆಕ್ಕ. ಎಕರೆಗೆ 10 ಟನ್ ಎಂದರೆ ಗುಂಟೆಗೆ 250 ಕಿಲೋ. ಹತ್ತು ಅಡಿ ಉದ್ದ ನಾಲ್ಕು ಅಡಿ ಅಗಲದ ಮಡಿಗೆ ಒಂಬತ್ತು ಹತ್ತು ಕಿಲೋ ಬೀಳುತ್ತದೆ. ಬಡ ಮಣ್ಣಾದರೆ ಮೊದಲ ಎರಡು ವರ್ಷ ಇದರ ಒಂದೂವರೆಪಟ್ಟು ಹಾಕಿದರೂ ತೊಂದರೆಯಿಲ್ಲ. ನಾಟಿಗೆ ಎರಡು ಮೂರು ವಾರ ಮೊದಲು ಸಂಜೆ ಹೊತ್ತು ಹರಡಿ, ಅವತ್ತೇ ಅರ್ಧ ಅಡಿ ಆಳದೊಳಗೆ ಮಣ್ಣಿಗೆ ಬೆರೆಸಿ, ನೀರು ಚಿಮುಕಿಸಿ. ಅವತ್ತೇ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಹೊಲಗಳಲ್ಲಿ ಗಾಡಿಯಿಂದ ಇಳಿಸಿದ ಗೊಬ್ಬರದ ಚಿಕ್ಕ ಚಿಕ್ಕ ಗುಡ್ಡೆಗಳು ಮಳೆ ಬರುವವರೆಗೂ ವಾರಗಟ್ಟಲೆ ಬಿಸಿಲಿಗೆ ಬೇಯುತ್ತಿರುತ್ತವೆ. ಗುಂಡಿಯಲ್ಲಿ ಉಳಿಸಿಕೊಂಡದ್ದನ್ನು ಹೊಲದಲ್ಲಿ ಕಳೆಯುವ ರೀತಿ ಅದು. ಆಳು ಸಿಗುವುದಿಲ್ಲ ಎನ್ನುವ ಕಷ್ಟ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಬೆರೆಸಲು ಆಗುವ ದಿನವೇ ಗುಂಡಿ ತೆಗೆಯಿರಿ, ಅಲ್ಲಿಯವರೆಗೆ ಅದು ಮುಚ್ಚಿಕೊಂಡೇ ಇರಲಿ.

ಹಸಿ ಗೊಬ್ಬರ ಹಾಕಿದರೆ ಗಿಡ ಸುಟ್ಟುಹೋಗುತ್ತದೆ ಎನ್ನುತ್ತಾರೆ. ಆ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಹಸಿ ಸಗಣಿ, ಅದಕ್ಕಿಂತ ಹೆಚ್ಚಾಗಿ ಹಸಿ ಕೋಳಿ ಗೊಬ್ಬರ, ಅಮೋನಿಯಾ ಮತ್ತು ಉಪ್ಪಿನ ಅಂಶದಿಂದ ಎಳೆ ಬೇರನ್ನು ನಿಜವಾಗಿ ಸುಡುತ್ತದೆ. ಹುಲ್ಲು, ಮರದ ಹೊಟ್ಟು ಹೆಚ್ಚಿರುವ ಅರೆಕೊಳೆತ ಗೊಬ್ಬರ ಮಾಡುವುದು ಇನ್ನೊಂದು ಕೆಲಸ. ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಎಂಬತ್ತು ಪಾಲಿನಷ್ಟು ಇಂಗಾಲ ಇರುತ್ತದೆ. ಅದನ್ನು ಕೊಳೆಸುವ ಜೀವಾಣುಗಳಿಗೆ ತಮ್ಮ ಮೈ ಬೆಳೆಸಿಕೊಳ್ಳಲು ಸಾರಜನಕ ಬೇಕು. ಹುಲ್ಲಿನಲ್ಲಿ ಸಿಗದಾಗ ಮಣ್ಣಿನಲ್ಲಿದ್ದದ್ದನ್ನೇ ತೆಗೆದುಕೊಳ್ಳುತ್ತವೆ. ಗೊಬ್ಬರ ಹಾಕಿದ ಮೇಲೆಯೇ ಗಿಡ ಹಳದಿಯಾಯಿತು ಎಂದು ಕೆಲವರು ಬೇಸರಪಡುವುದು ಇದಕ್ಕೇ. ಕಳಿತ ಗೊಬ್ಬರದಲ್ಲಿ ಈ ಅನುಪಾತ ಇಪ್ಪತ್ತರ ಹತ್ತಿರಕ್ಕೆ ಇಳಿದಿರುತ್ತದೆ, ಆಗ ಅದು ಗಿಡಕ್ಕೆ ಕೊಡಲು ಶುರುಮಾಡುತ್ತದೆ.

ಹಸಿ ಗೊಬ್ಬರ ಗೆದ್ದಲನ್ನು ಕರೆಯುತ್ತದೆ, ಬೇರು ತಿನ್ನುವ ಗೊಣ್ಣೆ ಹುಳುವಿಗೆ ಎಡೆ ಕೊಡುತ್ತದೆ. ಹಳೆಯ ಗುಂಡಿಯಲ್ಲಿ ಸಿಗುವ ಹೆಬ್ಬೆರಳು ದಪ್ಪದ ಬಿಳಿ ಹುಳುಗಳು ಬಹುಮಟ್ಟಿಗೆ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿಗಳು. ಗುಂಡಿ ತೆಗೆಯುವಾಗ ಆರಿಸಿ ಕೋಳಿಗೆ ಹಾಕಿ. ಕಳೆಬೀಜದ ಮಾತು ಬೇರೆ. ಹಸುವಿನ ಹೊಟ್ಟೆಯನ್ನು ದಾಟಿ ಬಂದರೂ ಹುಟ್ಟುವ ಬೀಜಗಳಿವೆ. ಗುಂಡಿಯೊಳಗೆ 55 ಡಿಗ್ರಿ ಮೇಲೆ ಕಾವು ಕೆಲವು ದಿನ ನಿಂತರೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಆ ಕಾವು ಬರುವುದು ಹಸಿಯೂ ಒಣದೂ ಬೆರೆತು, ಹದವಾದ ತೇವ ಇದ್ದು, ರಾಶಿ ಸಾಕಷ್ಟು ದೊಡ್ಡದಾಗಿದ್ದಾಗ. ಹೂ ಬಿಟ್ಟ ಪಾರ್ಥೇನಿಯಂ ಗಿಡವನ್ನು ಮಾತ್ರ ಗುಂಡಿಗೆ ಹಾಕಲೇಬೇಡಿ. ಹೂ ಬರುವ ಮೊದಲು ಕಿತ್ತರೆ ಅದೂ ಒಳ್ಳೆಯ ಗೊಬ್ಬರವೇ. ಕೀಳುವಾಗ ಕೈಗೆ ಚೀಲ ಕಟ್ಟಿಕೊಳ್ಳಿ, ಕೆಲವರಿಗೆ ಮೈ ತುರಿಸುತ್ತದೆ.

ಎಲ್ಲ ತರಕಾರಿಗೂ ಒಂದೇ ಅಳತೆ ಸಲ್ಲದು. ಕುಂಬಳ, ಸೋರೆ, ಹೀರೆ, ಪಡವಲ ಗೊಬ್ಬರದ ಆಸೆ ಇರುವ ಬಳ್ಳಿಗಳು. ಗುಣಿ ತೋಡಿ, ಸ್ವಲ್ಪ ಹಸಿಯಿದ್ದರೂ ಪರವಾಗಿಲ್ಲ, ಅರ್ಧ ಮಂಕರಿ ತುಂಬಿ, ಮೇಲೆ ನಾಲ್ಕು ಬೆರಳು ಮಣ್ಣು ಹಾಕಿ ಬೀಜ ಇಡಿ. ಬದನೆ, ಟೊಮೆಟೊ, ಮೆಣಸಿನಕಾಯಿಗೆ ಪೂರ್ತಿ ಕಳಿತದ್ದು ಬೇಕು. ಮೂಲಂಗಿ, ಗಜ್ಜರಿಗೆ ಹೊಸ ಗೊಬ್ಬರ ಹಾಕಿದರೆ ಗೆಡ್ಡೆ ಕವಲೊಡೆದು ಸೊಟ್ಟಗಾಗುತ್ತದೆ, ಮೈಮೇಲೆ ಸಣ್ಣ ಬೇರು ತುಂಬುತ್ತದೆ. ಅವರೆ, ಅಲಸಂದೆ, ಹುರುಳಿಕಾಯಿ ತಮಗೆ ಬೇಕಾದ ಸಾರಜನಕವನ್ನು ಬೇರಿನ ಗಂಟಿನಲ್ಲಿ ತಾವೇ ಮಾಡಿಕೊಳ್ಳುತ್ತವೆ. ಅವಕ್ಕೆ ಹೆಚ್ಚು ಹಾಕಿದರೆ ಸೊಪ್ಪು ಸೊಂಪಾಗಿ ಕಾಯಿ ಕಡಿಮೆಯಾಗುತ್ತದೆ. ನಾನು ಹೇಳುವುದು ಹೀಗೆ: ಮೊದಲು ಬಳ್ಳಿ ಅಥವಾ ಬದನೆಗೆ ತುಂಬ ಹಾಕಿ, ಅದು ಮುಗಿದ ಮೇಲೆ ಅದೇ ಮಡಿಯಲ್ಲಿ ಏನೂ ಹಾಕದೆ ಮೂಲಂಗಿ ಬಿತ್ತಿ, ಆಮೇಲೆ ಅಲಸಂದೆ. ಮೊದಲ ಬೆಳೆ ಬಿಟ್ಟ ಸತ್ವವೇ ಉಳಿದೆರಡಕ್ಕೂ ಸಾಕಾಗುತ್ತದೆ.

ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆ ಇವುಗಳ ವಿಷಯದಲ್ಲಿ ತಾಯಂದಿರು ಗಮನ ಕೊಡಬೇಕು. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳು ಇರಬಹುದು. ಅಮೆರಿಕದ ಸಾವಯವ ನಿಯಮದಲ್ಲಿ, ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಬೆರೆಸಿದ 120 ದಿನದೊಳಗೆ ಕೊಯ್ಯುವಂತಿಲ್ಲ, ತಾಗದಿದ್ದರೆ 90 ದಿನ. ಕೊತ್ತಂಬರಿ ನಲವತ್ತು ದಿನದ ಬೆಳೆ. ಅದರ ಮಡಿಗೆ ಹಸಿ ಸಗಣಿ ನೀರು ಹೊಯ್ಯುವುದನ್ನು ಬಿಟ್ಟೇಬಿಡಿ.

ಕುರಿ ಗೊಬ್ಬರದ ಮಾತು ಬಂದರೆ ಬಯಲುಸೀಮೆಯವರ ಮುಖ ಅರಳುತ್ತದೆ. ಅದರಲ್ಲಿ ಸಾರಜನಕವೇ ನೂರಕ್ಕೆ ಮೂರು ಪಾಲಿನವರೆಗೆ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಕುರುಬರು ಮಂದೆ ತಂದು ಹೊಲದಲ್ಲಿ ರಾತ್ರಿ ನಿಲ್ಲಿಸುತ್ತಾರೆ, ರೈತರು ಅವರಿಗೆ ದವಸವನ್ನೋ ಹಣವನ್ನೋ ಕೊಡುತ್ತಾರೆ. ಹಿಕ್ಕೆಯ ಜೊತೆ ಗಂಜಲವೂ ನೇರವಾಗಿ ಮಣ್ಣಿಗೇ ಬೀಳುವುದು ಇದರ ದೊಡ್ಡ ಲಾಭ. ಬೆಳಿಗ್ಗೆ ಮಂದೆ ಎದ್ದ ಕೂಡಲೇ ಒಂದು ಸಾಲು ಕುಂಟೆ ಹೊಡೆದರೆ ಆ ಲಾಭ ಪೂರ್ತಿ ನಿಮ್ಮದು. ಮನೆಯ ಮಡಿಗೆ ಕುರಿ ಹಿಕ್ಕೆಯನ್ನು ಒಡೆದು ಪುಡಿಮಾಡಿ, ದನದ ಗೊಬ್ಬರದ ಮೂರನೇ ಒಂದು ಪಾಲು ಹಾಕಿದರೆ ಸಾಕು. ಕೋಳಿ ಗೊಬ್ಬರವೂ ಸಾರಜನಕದಲ್ಲಿ ಅಷ್ಟೇ ಬಲವಾದದ್ದು. ಎರಡು ತಿಂಗಳಾದರೂ ಒಣ ಎಲೆಯೊಡನೆ ಕಳಿಯಲು ಬಿಟ್ಟು, ನಾಲ್ಕನೇ ಒಂದು ಪಾಲಿಗಿಂತ ಹೆಚ್ಚಾಗದಂತೆ ಬಳಸಿ. ಗೋಬರ್ ಗ್ಯಾಸ್ ಇರುವ ಮನೆಯವರು ಅದೃಷ್ಟವಂತರು. ಬಗ್ಗಡವನ್ನು ದರಗಿನ ಮೇಲೆ ಸುರಿದು ಕಳಿಸಿದರೆ ಗೊಬ್ಬರ ಬೇಗ ಸಿದ್ಧವಾಗುತ್ತದೆ.

ದನವೇ ಇಲ್ಲದ ಮನೆಗಳು ಹೆಚ್ಚುತ್ತಿವೆ. ಅವರು ಬೇಲಿಯಲ್ಲಿ ಗ್ಲಿರಿಸಿಡಿಯಾ ಕಡ್ಡಿ ನೆಡಲಿ. ನಮ್ಮ ಜನ ಅದನ್ನು ಗೊಬ್ಬರದ ಗಿಡ ಎಂದೇ ಕರೆಯುತ್ತಾರೆ. ಮಳೆಗಾಲದಲ್ಲಿ ಸವರಿದ ಸೊಪ್ಪು, ಅಂಗಳದ ತರಗೆಲೆ, ಅಡುಗೆಮನೆಯ ಸಿಪ್ಪೆ ಇವನ್ನು ಪದರ ಪದರವಾಗಿ ಹಾಕಿ, ಅಕ್ಕಪಕ್ಕದವರಲ್ಲಿ ಕೇಳಿ ತಂದ ಒಂದು ಬುಟ್ಟಿ ಸಗಣಿಯನ್ನು ನೀರಿಗೆ ಕದಡಿ ಪದರಗಳ ನಡುವೆ ಚಿಮುಕಿಸಿದರೆ ಕಳಿಯುವ ಕೆಲಸ ಚುರುಕಾಗುತ್ತದೆ. ಕಳಿತ ಗೊಬ್ಬರ ನೂರು ಕಿಲೋಗೆ ಒಂದು ಕಿಲೋ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಹದಿನೈದು ದಿನ ಇಟ್ಟರೆ ಸಸಿ ಬುಡ ಕೊಳೆಯುವ ರೋಗಕ್ಕೆ ತಡೆಯೂ ಸಿಗುತ್ತದೆ.

ಪೇಟೆಯಲ್ಲಿ ಚೀಲದ ಗೊಬ್ಬರ ಕೊಳ್ಳುವವರಿಗೆ, ಟ್ರ್ಯಾಕ್ಟರ್ ಲೋಡು ತರಿಸುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಹಿಡಿ ಗೊಬ್ಬರ ಕೈಗೆ ತೆಗೆದುಕೊಳ್ಳಿ. ಬಿಸಿ ಇರಬಾರದು, ಘಾಟು ಇರಬಾರದು, ಹುಲ್ಲಿನ ಎಳೆ ಗುರುತು ಸಿಗಬಾರದು, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಆಮೇಲೆ ಎರಡು ಕುಂಡ ತೆಗೆದುಕೊಂಡು ಒಂದಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಅರ್ಧ ಮಣ್ಣು ಅರ್ಧ ಆ ಗೊಬ್ಬರ ತುಂಬಿ, ಎರಡರಲ್ಲೂ ಇಪ್ಪತ್ತಿಪ್ಪತ್ತು ಮೆಂತ್ಯದ ಕಾಳು ಬಿತ್ತಿ, ಒಂದೇ ಸಮ ನೀರು ಹಾಕಿ. ವಾರದೊಳಗೆ ಗೊತ್ತಾಗುತ್ತದೆ. ಗೊಬ್ಬರದ ಕುಂಡದಲ್ಲಿ ಮೊಳಕೆ ಕಡಿಮೆ ಬಂದರೆ, ಎಲೆಯ ಅಂಚು ಕಂದಿದರೆ, ಅದು ಇನ್ನೂ ಹಸಿ ಅಥವಾ ಉಪ್ಪು ಹೆಚ್ಚಿರುವ ಮಾಲು. ತೇವ ಕೊಟ್ಟು ಮುಚ್ಚಿ ಒಂದೆರಡು ತಿಂಗಳು ಬಿಟ್ಟು ಮತ್ತೆ ಬಿತ್ತಿ ನೋಡಿ. ಎರಡೂ ಕುಂಡಗಳಲ್ಲಿ ಮೆಂತ್ಯ ಒಂದೇ ಸಮ ಎದ್ದು ನಿಂತರೆ ಆ ಗೊಬ್ಬರವನ್ನು ಧೈರ್ಯವಾಗಿ ಮಡಿಗೆ ಹಾಕಬಹುದು.